ನೀಲಿ ಹಿಡಿಯ ಬ್ರಷ್

ಮಂಗಳವಾರ ಬೆಳಿಗ್ಗೆ 10 ಗಂಟೆ 50 ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ರೈಟರ್ ಮೇಜಿನ ಮೇಲೆ ಒಂದು ಬಟ್ಟೆಚೀಲ ಇಟ್ಟಳು. ಚೀಲದ ತಳ ಒದ್ದೆಯಾಗಿತ್ತು. ಆಗತಾನೇ ಸೈಕಲ್ ಕಳವಿನ ದೂರು ಬರೆದು ಮುಗಿಸಿದ್ದ ರೈಟರ್ ತಲೆ ಎತ್ತದೆಯೇ, "ಏನು ಕಳೆದಿದ್ದು?" ಎಂದರು.

"ಏನೂ ಕಳೆದಿಲ್ಲ. ನನ್ನ ಗಂಡನ್ನ ಕೊಂದೆ. ಸುತ್ತಿಗೆ ಇದರಲ್ಲಿದೆ."

ರೈಟರ್ ಪೆನ್ನು ಕೆಳಗಿಟ್ಟರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಕೊಲೆಗಾರರನ್ನು ಹುಡುಕಿ ಹುಡುಕಿ ಬೂಟು ಸವೆಸಿದವರು ಅವರು. ಕೊಲೆಯೇ ಚೀಲ ಹಿಡಿದು ಮೇಜಿನ ತನಕ ನಡೆದು ಬಂದದ್ದು ಇದೇ ಮೊದಲು.

ಇನ್‌ಸ್ಪೆಕ್ಟರ್ ಆಕೆಯನ್ನು ಒಳಗೆ ಕರೆಸಿ, ಮಹಿಳಾ ಹೆಡ್ ಕಾನ್‌ಸ್ಟೇಬಲ್‌ ಎದುರು ವಿಚಾರಣೆ ಶುರು ಮಾಡಿದರು. ವಯಸ್ಸು ಮೂವತ್ತಾರು. ಗಂಡ ಕಾರುಗಳ ಬಾಡಿ ರಿಪೇರಿ ಗ್ಯಾರೇಜಿನ ಯಜಮಾನ. ಕೆಳಗೆ ಗ್ಯಾರೇಜು, ಮೇಲೆ ಮನೆ. ಎರಡೂ ತೋಳುಗಳ ತುಂಬ ರಕ್ತ. ಕುರ್ಚಿಗೆ ಬೆನ್ನು ತಾಗಿಸದೆ ನೆಟ್ಟಗೆ ಕೂತಿದ್ದಳು.

"ಎಷ್ಟು ಏಟು ಹೊಡೆದೆ?"

"ಎರಡು."

"ಯಾಕೆ?"

"ಹೊಡೀತಿದ್ರು."

"ಯಾವಾಗ?"

"ಹತ್ತೂ ಕಾಲಿಗೆ."

"ಅದಲ್ಲಮ್ಮ. ಅವರು ನಿನ್ನ ಹೊಡೀತಿದ್ದಿದ್ದು?"

"ಮದುವೆ ಆದಾಗಿಂದ."

"ಮನೇಲಿ ಇನ್ಯಾರಿದ್ದಾರೆ?"

"ನನ್ನ ತಮ್ಮ. ಗ್ಯಾರೇಜಲ್ಲೇ ಟಿಂಕರ್, ತಗಡು ತಟ್ಟಿ ಸರಿ ಮಾಡ್ತಾನೆ. ಬೋಲ್ಟ್ ತರೋಕೆ ಪೇಟೆಗೆ ಹೋಗಿದ್ದ. ಅವನಿಗೆ ಇದ್ಯಾವುದೂ ಗೊತ್ತಿಲ್ಲ."

ಕೇಳದ ಪ್ರಶ್ನೆಗೂ ಉತ್ತರ ಬಂದದ್ದನ್ನು ಇನ್‌ಸ್ಪೆಕ್ಟರ್ ಗಮನಿಸಿದರು. 11.15ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಕೈಯಲ್ಲಿದ್ದಾಳೆ, ಆಯುಧ ಮೇಜಿನ ಮೇಲಿದೆ, ನಾಳೆ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಆಯಿತು, ಹೆಂಗಸಿಗೆ ಜೀವಾವಧಿ ಗ್ಯಾರಂಟಿ ಎಂದು ರೈಟರ್ ಊಟದ ಡಬ್ಬಿ ಹತ್ತಿರಕ್ಕೆಳೆದುಕೊಂಡರು. ಅವರಿಗೆ ಸಲೀಸಾದ ಕೇಸೆಂದರೆ ಪ್ರಾಣ. ಆಕೆಯನ್ನು ವೈದ್ಯಕೀಯ ತಪಾಸಣೆಗೆ ಕಳಿಸಿ ಇನ್‌ಸ್ಪೆಕ್ಟರ್ ಇಬ್ಬರು ಕಾನ್‌ಸ್ಟೇಬಲ್‌ಗಳೊಂದಿಗೆ ಹೊರಟರು.

ಗ್ಯಾರೇಜಿನ ಹಿಂಬದಿಯ ಕೋಣೆಯಲ್ಲಿ ಯಜಮಾನ ಅಂಗಾತ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದು, ಕಿವಿ ಎಲ್ಲಿತ್ತೆಂದು ಹೇಳುವುದೇ ಕಷ್ಟವಾಗಿತ್ತು. ದವಡೆ ಒಂದು ಕಡೆಗೆ ವಾಲಿತ್ತು. ಎರಡು ಹಲ್ಲುಗಳು ಗೋಡೆಯ ಬುಡಕ್ಕೆ ಉರುಳಿದ್ದವು. ಕಿರಿಯ ಕಾನ್‌ಸ್ಟೇಬಲ್ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ. ಎರಡೇ ಏಟಿಗೆ ಇಷ್ಟಾಗುವುದಿಲ್ಲ ಎಂದು ತಿಳಿಯಲು ಡಾಕ್ಟರೇ ಬರಬೇಕಾಗಿರಲಿಲ್ಲ.

ಹೆಣದಿಂದ ಮೂರಡಿ ದೂರದಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಬಾನೆಟ್ ಮಲಗಿತ್ತು. ಅದಕ್ಕೆ ಬಣ್ಣಕ್ಕೆ ಮೊದಲು ಹಚ್ಚುವ, ಹಳದಿ ಮಿಶ್ರಿತ ಹಸಿರಿನ ಪ್ರೈಮರನ್ನು ಒಂದೇ ಸಮನೆ, ಅಂಚಿನವರೆಗೂ, ಚೊಕ್ಕವಾಗಿ ಹೊಡೆಯಲಾಗಿತ್ತು. ಸುತ್ತ ಅಷ್ಟು ಹೇಸಿಗೆ ಬಿದ್ದಿರುವಾಗ ಆ ಚೊಕ್ಕತನ ಕಂಡು ಇನ್‌ಸ್ಪೆಕ್ಟರಿಗೆ ಸಿಟ್ಟೇ ಬಂತು.

12.05ಕ್ಕೆ ಪಂಚನಾಮೆ ಆರಂಭವಾಯಿತು. ಪಂಚರಲ್ಲಿ ಒಬ್ಬ ಪಕ್ಕದ ಟೈರ್ ಅಂಗಡಿಯವನು. ಬಗ್ಗಿ ನೋಡಿದವನು, "ಸಾರ್, ಬಣ್ಣ ಇವರ ಮೇಲೂ ಬಿದ್ದಿದೆಯಲ್ಲ" ಎಂದ.

ಇನ್‌ಸ್ಪೆಕ್ಟರ್ ಮಂಡಿಯೂರಿ ಕೂತರು. ಸತ್ತವನ ಕೂದಲಿನ ಮೇಲೆ, ಹೆಪ್ಪುಗಟ್ಟಿದ ರಕ್ತದ ಮೇಲೆ, ತೆರೆದೇ ಇದ್ದ ಬಲಗಣ್ಣಿನ ಮೇಲೂ ಹಸಿರು ಹಳದಿ ಪುಡಿ ತೆಳ್ಳಗೆ ಕೂತಿತ್ತು. ರಕ್ತದ ಕೆಳಗೆ ಬಣ್ಣವಿರಲಿಲ್ಲ. ಬಣ್ಣವಿದ್ದದ್ದು ರಕ್ತದ ಮೇಲೆ. ಅಂದರೆ ಈ ಮನುಷ್ಯ ತಲೆ ಒಡೆಸಿಕೊಂಡು ಬಿದ್ದ ಮೇಲೆ ಯಾರೋ ಇಲ್ಲೇ ನಿಂತು ನೆಮ್ಮದಿಯಾಗಿ ಬಾನೆಟ್‌ಗೆ ಸ್ಪ್ರೇ ಮಾಡಿದ್ದರು.

ಗೇಟಿನ ಬಳಿ ಹಳೆಯ ಟೈರುಗಳ ಮೇಲೆ, ಸುದ್ದಿ ಕೇಳಿ ಬಂದ ಗ್ಯಾರೇಜಿನ ಪೇಂಟರ್ ಕೂತಿದ್ದ. ಐವತ್ತು ದಾಟಿದವನು, ಬಲಗೈಗೆ ಪ್ಲಾಸ್ಟರ್.

"ಕೈಗೆ ಏನಾಯ್ತು?"

"ಯಜಮಾನ್ರು ಬಾನೆಟ್ ಮುಚ್ಚಿದ್ರು ಸಾರ್. ನನ್ನ ಕೈ ಒಳಗಿತ್ತು."

"ನೋಡದೆ ಮುಚ್ಚಿದ್ರಾ?"

"ನೋಡಿಕೊಂಡೇ ಮುಚ್ಚಿದ್ದು." ಪೇಂಟರ್ ಪ್ಲಾಸ್ಟರನ್ನು ತೊಡೆಯ ಮೇಲಿಟ್ಟುಕೊಂಡ. "ಕಬ್ಬಿಣ ತಿಕ್ಕಿದ ಚಿಂದಿ ಬಟ್ಟೇಲಿ ಅಲ್ಯೂಮಿನಿಯಂ ಒರೆಸಿದ್ದೆ. ತಪ್ಪು ನಂದೇ. ಆದ್ರೂ ಮೂರು ಬೆರಳು ಮುರೀಬೇಕಿತ್ತಾ?"

ಅವನ ಬಾಯಿಂದಲೇ ಇನ್‌ಸ್ಪೆಕ್ಟರಿಗೆ ಒಂದು ಪಾಠವಾಯಿತು. ಅಲ್ಯೂಮಿನಿಯಂ ಬಾಡಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಬಿಳಿ ತುಕ್ಕು ಹಿಡಿಯುತ್ತದೆ. ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ, ಕೆರೆದರೆ ಸುಣ್ಣದಂಥ ಪುಡಿ ಉದುರುತ್ತದೆ. ಕಬ್ಬಿಣದ ಒಂದು ಚೂರು ಅದರ ಮೈಯಲ್ಲಿ ಸಿಕ್ಕಿಕೊಂಡರೂ ಸಾಕು, ನೀರು ತಾಗಿದಾಗಲೆಲ್ಲ ಅಲ್ಲಿಂದಲೇ ತಿನ್ನುತ್ತಾ ಹೋಗುತ್ತದೆ. ಅದಕ್ಕೇ ಅಲ್ಯೂಮಿನಿಯಂ ಕೆಲಸಕ್ಕೆ ಬೇರೆ ಕೋಣೆ. ಹೆಸರು ಬಿಳಿ ರೂಮು. ಅಲ್ಲಿನ ತಂತಿ ಬ್ರಷ್‌ಗಳೂ ಬೇರೆ, ಅವಕ್ಕೆ ನೀಲಿ ಹಿಡಿ. ಅವು ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ. ಈ ಮಡಿ ಕೆಟ್ಟರೆ ಯಜಮಾನನ ಕೈಗೆ ಏನು ಸಿಗುತ್ತದೋ ಅದರಲ್ಲೇ ಏಟು.

"ಎಲ್ಲರಿಗೂ ಹೊಡೀತಿದ್ರಾ?"

"ಟಿಂಕರ್ ಒಬ್ಬನ್ನ ಬಿಟ್ಟು. ಎಂಟು ವರ್ಷದಲ್ಲಿ ಅವನ ಮೇಲೆ ಕೈ ಎತ್ತಿದ್ದು ನಾ ನೋಡಿಲ್ಲ. ಹೆಂಡ್ತಿ ತಮ್ಮ ಅಲ್ವಾ."

"ಆ ಬಾನೆಟ್‌ಗೆ ಪ್ರೈಮರ್ ಹೊಡೆದಿದ್ಯಾರು?"

ಪೇಂಟರ್ ಎದ್ದು ಬಂದು ಹೆಣವಿದ್ದ ಬಿಳಿ ರೂಮಿನ ಕಿಟಕಿಯಿಂದ ಇಣುಕಿ ನೋಡಿದ. ಅವನ ಮುಖ ಸಪ್ಪಗಾಯಿತು. ಪ್ಲಾಸ್ಟರ್ ಕೈಯನ್ನು ತುಸು ಎತ್ತಿ, "ನಾನಂತೂ ಅಲ್ಲ ಸಾರ್" ಎಂದಷ್ಟೇ ಹೇಳಿದ. ಮೂರು ಬೆರಳು ಮುರಿದವನಿಗೆ ಸ್ಪ್ರೇ ಗನ್ನಿನ ಕುದುರೆ ಒತ್ತುವುದು ಆಗದ ಮಾತು.

ಆ ಹೊತ್ತಿಗೆ ಟಿಂಕರ್ ಬೋಲ್ಟಿನ ಪೊಟ್ಟಣ ಹಿಡಿದು ಒಳಗೆ ಬಂದ. ಇಪ್ಪತ್ತೇಳರ ಆಳು, ಗಟ್ಟಿ ಭುಜ. ಈಗಷ್ಟೇ ಪೇಟೆಯಿಂದ ಬಂದೆ ಎಂದ. ಭಾವ ಹೋದರೆಂದು ಹೇಳಿದಾಗ ತಲೆ ತಗ್ಗಿಸಿದ. ಅಕ್ಕ ಠಾಣೆಯಲ್ಲಿದ್ದಾಳೆ ಎಂದಾಗ, "ಅವಳಿಗೆ ಹೊಡೀತೀರಾ?" ಎಂದು ಕೇಳಿದ. ಇಲ್ಲ ಎಂದ ಮೇಲೆ ಮೂಲೆಯಲ್ಲಿ ಹೋಗಿ ಕೂತ.

1.40ಕ್ಕೆ ಆಸ್ಪತ್ರೆಯಿಂದ ಡಾಕ್ಟರ್ ಫೋನು ಮಾಡಿದರು. ಸತ್ತವನ ತಲೆಗೆ ಮೇಲ್ನೋಟಕ್ಕೇ ಒಂಬತ್ತು ಏಟು. ಹೊಡೆದವರಿಗೆ ಒಳ್ಳೆಯ ತೋಳ್ಬಲವಿದೆ. ಆಮೇಲೆ ಅವರ ದನಿ ತಗ್ಗಿತು.

"ಇನ್‌ಸ್ಪೆಕ್ಟ್ರೇ, ಆ ಹೆಂಗಸಿನ ಬೆನ್ನು ನೋಡಿದ್ರಾ?"

"ಇಲ್ಲ."

"ಬೆನ್ನು ಅಂತ ಏನೂ ಉಳಿದಿಲ್ಲ. ಭುಜದಿಂದ ಸೊಂಟದವರೆಗೆ ತಂತಿ ಬ್ರಷ್‌ನಲ್ಲಿ ತಿಕ್ಕಿದ್ದಾರೆ. ನಿನ್ನೆ ಆಗಿರೋದು. ತಂತಿ ಚೂರುಗಳನ್ನ ಇಕ್ಕಳ ಹಾಕಿ ತೆಗೀತಾ ಇದೀನಿ. ಹನ್ನೊಂದು ಸಿಕ್ಕಿವೆ."

ಇನ್‌ಸ್ಪೆಕ್ಟರ್ ಫೋನು ಇಟ್ಟರು. ಸತ್ತವನ ಬಗ್ಗೆ ಬೆಳಿಗ್ಗೆಯಿಂದ ಇದ್ದ ಅಷ್ಟಿಷ್ಟು ಕನಿಕರವೂ ಇಂಗಿಹೋಯಿತು. ಆದರೆ ಕನಿಕರ ಯಾರ ಮೇಲಿದೆ ಎಂದು ನೋಡಿ ತನಿಖೆ ನಡೆಸಲಾಗುವುದಿಲ್ಲ. 2.20ಕ್ಕೆ ಆಸ್ಪತ್ರೆಯಲ್ಲೇ ಆಕೆಯ ಎದುರು ಸ್ಟೂಲು ಎಳೆದುಕೊಂಡರು. ಆಕೆ ಬೋರಲು ಮಲಗಿ ಮುಖ ಇತ್ತ ತಿರುಗಿಸಿದಳು.

"ಬ್ರಷ್‌ನಲ್ಲಿ ಯಾಕೆ ತಿಕ್ಕಿದ್ರು?"

"ಮೂರು ತಿಂಗಳ ಹಿಂದೆ ಕಳಿಸಿದ ಕಾರು ವಾಪಸ್ ಬಂತು. ಬಾನೆಟ್ ತುಂಬ ಗುಳ್ಳೆ. ಗಿರಾಕಿ ರಸ್ತೇಲಿ ನಿಂತು ಮಾನ ಕಳೆದ. ನೀಲಿ ಬ್ರಷ್‌ನಲ್ಲಿ ಕಬ್ಬಿಣ ಯಾರು ತಿಕ್ಕಿದ್ದು ಅಂತ ಇವರು ಕೇಳಿದ್ರು. ನಾನೇ, ಕಬ್ಬಿಣದ ಬಾಣಲೆ ತಿಕ್ಕಿ ವಾಪಸ್ ಇಟ್ಟಿದ್ದೆ ಅಂದೆ. ಅದೇ ಬ್ರಷ್ ತಗೊಂಡ್ರು."

"ಇವತ್ತು ಕೊಂದ ಮೇಲೆ ಏನು ಮಾಡಿದೆ?"

"ಸೀದಾ ಠಾಣೆಗೆ ಬಂದೆ."

"ಬಾನೆಟ್‌ಗೆ ಪ್ರೈಮರ್ ಹೊಡೆದಿದ್ಯಾರು?"

ಆಕೆಯ ಕಣ್ಣುಗಳು ಒಂದೆಡೆ ನಿಂತುಬಿಟ್ಟವು. "ಪ್ರೈಮರ್ ಹೊಡೆದಿದೆಯಾ?"

"ಹೌದು. ಸತ್ತ ಮೇಲೆ."

"ಹಾಗಾದ್ರೆ ನಾನೇ. ಮರೆತಿದ್ದೆ."

"ಯಾತರಲ್ಲಿ ಹೊಡೆದೆ?"

"ಬಣ್ಣದ ಬ್ರಷ್‌ನಲ್ಲಿ."

ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಎದ್ದರು. ಆಕೆ ಹಾಸಿಗೆಯ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ನೋವಿಗೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

3.00ಕ್ಕೆ ಹೆಡ್ ಕಾನ್‌ಸ್ಟೇಬಲ್ ಮೇಲಿನ ಮನೆಯ ಅಡುಗೆಮನೆಯನ್ನು ಜಾಲಾಡಿದರು. ಪಾತ್ರೆಗಳೆಲ್ಲ ಸ್ಟೀಲಿನವು. ಇದ್ದ ಒಂದೇ ಬಾಣಲೆಯೂ ಅಲ್ಯೂಮಿನಿಯಮ್ಮಿನದು. "ಕಬ್ಬಿಣ ಅಂತ ಹುಡುಕಿದ್ರೆ ಕಿಟಕಿ ಸರಳು ಮಾತ್ರ ಸಾರ್" ಎಂದು ಆಕೆ ವರದಿ ಮಾಡಿದರು. 3.35ಕ್ಕೆ ಬೋಲ್ಟ್ ಅಂಗಡಿಯ ಕ್ಯಾಮೆರಾ ನೋಡಲಾಯಿತು. ಟಿಂಕರ್ 9.46ಕ್ಕೇ ಪೊಟ್ಟಣ ತೆಗೆದುಕೊಂಡು ಹೊರಟಿದ್ದ. ಅಂಗಡಿಯಿಂದ ಗ್ಯಾರೇಜಿಗೆ ಹತ್ತು ನಿಮಿಷದ ನಡಿಗೆ.

4.10ಕ್ಕೆ ಇನ್‌ಸ್ಪೆಕ್ಟರ್ ಗ್ಯಾರೇಜಿಗೆ ಮರಳಿದಾಗ ಅವನು ಅದೇ ಮೂಲೆಯಲ್ಲಿದ್ದ.

"ನಾಳೆ ನಿಮ್ಮಕ್ಕನ್ನ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ಬಾಣಲೆ ತಿಕ್ಕಿದ್ದೂ ನಾನೇ, ಕೊಂದಿದ್ದೂ ನಾನೇ ಅಂತಿದ್ದಾಳೆ. ಮನೇಲಿ ಕಬ್ಬಿಣದ ಬಾಣಲೆ ಎಲ್ಲಿದೆ, ತೋರಿಸು."

ಟಿಂಕರ್ ಎದ್ದು ನಿಂತ. ಇನ್ನೊಂದು ಗಳಿಗೆಗೆ ಗೋಡೆಯ ಮೇಲಿದ್ದ ಉದ್ದ ಸಲಾಕೆ ಅವನ ಕೈಯಲ್ಲಿತ್ತು. ಬೀಸಿದ್ದು ಯಾರ ಮೇಲೆಂದು ಅವನಿಗೇ ಗೊತ್ತಿರಲಿಲ್ಲ. ಮೊದಲ ಏಟಿಗೆ ಕಿಟಕಿ ಗಾಜು ಪುಡಿಯಾಯಿತು, ಎರಡನೆಯದು ಕಿರಿಯ ಕಾನ್‌ಸ್ಟೇಬಲ್‌ನ ತುಟಿ ಸೀಳಿತು. ಹೆಡ್ ಕಾನ್‌ಸ್ಟೇಬಲ್ ಅವನ ಮಂಡಿಯ ಹಿಂದೆ ಒದ್ದರು. ನೆಲಕ್ಕೆ ಬಿದ್ದವನು ತನ್ನ ಹಣೆಯನ್ನೇ ಸಿಮೆಂಟಿಗೆ ಚಚ್ಚಿಕೊಳ್ಳತೊಡಗಿದ. ಮೂವರು ಸೇರಿ ತಲೆ ಹಿಡಿಯುವಷ್ಟರಲ್ಲಿ ಮುಖವೆಲ್ಲ ರಕ್ತವಾಗಿತ್ತು. 4.18ಕ್ಕೆ ಕೈಕೋಳ ಹಾಕಲಾಯಿತು.

"ಬಾಣಲೆ ಅಲ್ಲ ಸಾರ್" ಎಂದು ಅವನು ಗೋಳಾಡಿದ. "ಕಬ್ಬಿಣದ ಮಡ್‌ಗಾರ್ಡ್ ತಿಕ್ಕಿದ್ದೆ. ನಾನು. ಅವಸರಕ್ಕೆ ನೀಲಿ ಬ್ರಷ್ ಎತ್ತಿಕೊಂಡಿದ್ದೆ. ಅಕ್ಕ ನೋಡಿದ್ಲು."

ಬೆಳಿಗ್ಗೆ ಬೋಲ್ಟ್ ತಂದಿಟ್ಟಾಗ ಅಕ್ಕ ಟೀ ಕೊಡಲು ಬಂದಿದ್ದಳು. ಅವಳು ತಿರುಗಿದಾಗ ರವಿಕೆಯ ಬೆನ್ನಿಗೆ ರಕ್ತ ಅಂಟಿಕೊಂಡಿದ್ದು ಕಂಡಿತು. ಏನಿದು ಎಂದು ಕೇಳಿದ; ಆಕೆ ಹೇಳಲಿಲ್ಲ. ಬಾನೆಟ್ ತಿಕ್ಕುತ್ತಿದ್ದ ಭಾವ ಹೇಳಿದ. ನೀಲಿ ಬ್ರಷ್ ಕೆಡಿಸಿದ್ದು ತಾನೇ ಅಂದಳು, ಎಂಟು ವರ್ಷದಿಂದ ಎಲ್ಲ ತಪ್ಪೂ ಇವಳದೇ, ಅಲ್ಯೂಮಿನಿಯಂಗೆ ಹೇಗಾಗುತ್ತೆ ಅಂತ ನಿಮ್ಮಕ್ಕನಿಗೆ ತೋರಿಸಿಕೊಟ್ಟೆ ಎಂದು ನಕ್ಕ.

"ಎಷ್ಟು ಸಲ ಹೊಡೆದೆ?"

"ನಗೋದು ನಿಲ್ಲೋ ತನಕ."

ಅಕ್ಕ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ನೆತ್ತರು ತನ್ನ ಕೈಗೆ ಬಳಿದುಕೊಂಡು, ನೀನು ಹಿಂದಿನ ಬಾಗಿಲಿಂದ ಹೋಗು, ನನ್ನ ಬೆನ್ನು ನೋಡಿದರೆ ಕೋರ್ಟಿನವರು ನನಗೆ ಶಿಕ್ಷೆ ಕಡಿಮೆ ಮಾಡುತ್ತಾರೆ ಎಂದು ಹೇಳಿ ಹೊರಟಿದ್ದಳು. ಆಮೇಲೆ ಅವನು ಬಟ್ಟೆ ಬದಲಿಸಿ, ಅದೇ ಬೋಲ್ಟಿನ ಪೊಟ್ಟಣ ಹಿಡಿದು ಹೊರಗೆ ಹೋಗಿದ್ದ; ರಕ್ತವಾದ ಕೆಲಸದ ಬಟ್ಟೆ ಹಳೆಯ ಥಿನ್ನರ್ ಡ್ರಮ್ಮಿನಲ್ಲಿ ಸಿಕ್ಕಿತು.

"ಅವಳು ಹೋಗು ಅಂದ ಮೇಲೆ ಹೋಗೋದು ಬಿಟ್ಟು ಪ್ರೈಮರ್ ಯಾಕೆ ಹೊಡೆದೆ?"

ಟಿಂಕರ್ ಈ ಪ್ರಶ್ನೆಗೆ ನಿಜಕ್ಕೂ ಯೋಚಿಸಿದ. "ಬಾನೆಟ್ ಬರಿಮೈಯಲ್ಲಿತ್ತು ಸಾರ್. ತಿಕ್ಕಿದ ಮೇಲೆ ಹಾಗೇ ಬಿಟ್ರೆ ಸ್ವಲ್ಪ ಹೊತ್ತಿಗೇ ಗಾಳಿ ಹಿಡಿದು ಹಾಳಾಗುತ್ತೆ. ಚಿಮ್ಮಿದ್ದನ್ನ ಒರೆಸಿ ಹೊಡೆದೆ. ಬಿಟ್ಟು ಹೋದ್ರೆ ಭಾವ ಬೈತಾರೆ ಅನಿಸ್ತು."

ತುಟಿಗೆ ಕರವಸ್ತ್ರ ಒತ್ತಿಕೊಂಡಿದ್ದ ಕಾನ್‌ಸ್ಟೇಬಲ್ ಅವನಿಗೆ ಒಂದು ಲೋಟ ನೀರು ತಂದುಕೊಟ್ಟ.

5.30ಕ್ಕೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋಗಿ ಆಕೆಗೆ ವಿಷಯ ತಿಳಿಸಿದರು. ಆಕೆ ಅಳಲಿಲ್ಲ, ಸಿಟ್ಟಾದಳು. ಯಾರು ಬಣ್ಣ ಹೊಡೆ ಅಂದಿದ್ದು ಆ ದಡ್ಡನಿಗೆ, ಯಾರು ಹೇಳಿದ್ದು ಎಂದು ಕೂಗಾಡಿದಳು. ಗಾಯಗಳು ಬಿರಿದು ಬ್ಯಾಂಡೇಜು ಕೆಂಪಾಯಿತು. ನರ್ಸ್ ಹಿಡಿದು ಮಲಗಿಸಿದ ಮೇಲೆ ಇನ್‌ಸ್ಪೆಕ್ಟರ್ ಕೇಳಿದರು:

"ನಿಮ್ಮ ಯಜಮಾನ್ರು ಎಂಟು ವರ್ಷ ಅವನೊಬ್ಬನಿಗೆ ಹೊಡೀಲಿಲ್ಲ ಅಂತಾರಲ್ಲ. ಯಾಕಮ್ಮ?"

"ಅವನು ಮಾಡಿದ ತಪ್ಪನ್ನೆಲ್ಲ ನಾನೇ ಮಾಡಿದ್ದು ಅಂತಿದ್ದೆ. ಅವನಿಗೆ ಗೊತ್ತಿರಲಿಲ್ಲ. ಇವತ್ತೇ ಗೊತ್ತಾಗಿದ್ದು." ಮುಖ ಎತ್ತಿ, "ಜೈಲಲ್ಲಿ ಹೊಡೀತಾರಾ ಸಾರ್? ಅವನಿಗೆ ಅಭ್ಯಾಸ ಇಲ್ಲ" ಎಂದಳು.

ಅವತ್ತಿನ ಕೇಸ್ ಡೈರಿಯಲ್ಲಿ ಕೊಲೆಯ ಉದ್ದೇಶ ಎಂಬ ಜಾಗದಲ್ಲಿ ರೈಟರ್ 'ಹಠಾತ್ ಕೋಪ' ಎಂದು ಬರೆದಿದ್ದರು. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ ಕೈಬರಹದಲ್ಲಿ ತಿದ್ದಿದರು: ತನ್ನ ತಪ್ಪಿಗೆ ಅಕ್ಕ ಎಂಟು ವರ್ಷ ಏಟು ತಿಂದಳೆಂದು ಆರೋಪಿಗೆ ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ತಿಳಿಯಿತು.