ಹೊನ್ನೂರಮ್ಮ ಹೇಳದ ಮಾತು

"ನಿನ್ನಿಂದನ ನಮ್ಮವ್ವಗ ಈ ಗತಿ ಬಂದದ್ದು!"

ಹೊಸಪೇಟೆಯ ಆಸ್ಪತ್ರೆಯಲ್ಲಿ ತುಳಸಿ ಹಾಗೆ ಕೂಗಿದಾಗ ಅವಳ ತಮ್ಮನ ಹೆಂಡತಿ ಸುಮಲತಾಳ ಕಣ್ಣು ತುಂಬಿ ಬಂತು... ಅತ್ತೆ ಹೊನ್ನೂರಮ್ಮನ ಕರುಳಿನ ಗಂಟು ತೆಗೆದು ಅಂದಿಗೆ ಮೂರನೆಯ ದಿನ. ಹೊಟ್ಟೆಯ ಗಾಳಿ ಕೆಳಗೆ ಸರಿದು, ಕರುಳು ಮತ್ತೆ ಕೆಲಸ ಶುರುಮಾಡಿದೆ ಎಂದು ಗೊತ್ತಾಗುವವರೆಗೆ ಬಾಯಿಗೆ ಏನೂ ಕೊಡುವಂತಿರಲಿಲ್ಲ. ಡಾಕ್ಟರ್ ವಿದ್ಯಾಧೀಶ ಬಂದು ಗಾಳಿ ಹೋಯಿತೇ ಎಂದು ಕೇಳಿದಾಗಲೆಲ್ಲ ಹೊನ್ನೂರಮ್ಮ "ಇಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಸಂಜೆಯೊಳಗೆ ಆಗದಿದ್ದರೆ ಸ್ಕ್ಯಾನ್ ಮಾಡಬೇಕು, ಮತ್ತೆ ಆಪರೇಷನ್ ಬೇಕಾದರೂ ಬೇಕಾದೀತು ಎಂದಿದ್ದರು ಅವರು.

"ರೋಬೋಟ್ ಹಚ್ಚಿಸಿದ್ರ ಇಷ್ಟೊತ್ತಿಗೆ ಎದ್ದು ಅಡ್ಡಾಡ್ತಿದ್ಲು. ಬರೇ ಲ್ಯಾಪ್ರೋಸ್ಕೋಪಿ ಸಾಕು ಅಂದಾಕಿ ನೀನು!"

"ಅಕ್ಕಾ, ಎರಡರಾಗೂ ಸಣ್ಣ ತೂತನ," ಎಂದ ತಮ್ಮ ಮೌನೇಶ್. ಅವನು ಯಶವಂತನಗರದ ಗಣಿಯಲ್ಲಿ ಅದಿರು ಅಗೆಯುವ ಹಿಟಾಚಿ ಯಂತ್ರ ಓಡಿಸುವವನು. "ರೋಬೋಟ್ ತಾನಾಗೇ ಕೊಯ್ಯಂಗಿಲ್ಲ. ನಮ್ಮ ಹಿಟಾಚಿ ಇದ್ದಂಗ, ಡಾಕ್ಟರೇ ಕುಂತು ನಡಸಬೇಕು. ಅವ್ವಗ ಎರಡೂ ಸಮ ಅಂದ್ರು. ನಿಮ್ಮ ಕೈ ಯಾವುದರಾಗ ಪಳಗೈತ್ರಿ ಅಂತ ಸುಮಾ ಕೇಳಿದ್ಲು, ಅದನ್ನ ಮಾಡಿಸಿದ್ವಿ."

"ಅವ್ವನ ಹೊಟ್ಟಿ ಅಂದ್ರ ಗಣಿ ಅನ್ಕಂಡಿಯೇನೋ?"

ಸುಮಲತಾಳ ಕಣ್ಣು ಅತ್ತೆಯ ಮೇಲಿತ್ತು. ಸೊಸೆ ಜೋರಾಗಿ ಸೀನಿದರೂ ಸಿಡುಕುತ್ತಿದ್ದ, ಗಂಡಸರ ಮುಂದೆ ತನ್ನ ಕೆಮ್ಮನ್ನೂ ಸೆರಗಿನಲ್ಲಿ ಅಡಗಿಸುತ್ತಿದ್ದ ಹೆಂಗಸು! ಬೆಳಿಗ್ಗೆ ಹೊದಿಕೆ ಸರಿಮಾಡುವಾಗ ಸುಮಲತಾ ಕೇಳಿಸಿಕೊಂಡಿದ್ದಳು. ಅತ್ತೆಯೇ ಹೇಳಲಿ ಎಂದು ಸುಮ್ಮನಿದ್ದಳು...

"ಇಬ್ಬರೂ ಹೊರಗ ನಡೀರಿ!"

ಮದುವೆಯಾಗಿ ಐದು ವರ್ಷಗಳಲ್ಲಿ ಸುಮಲತಾಳ ದನಿ ಅಷ್ಟು ಏರಿದ್ದು ಅದೇ ಮೊದಲು. ಅಕ್ಕ ತಮ್ಮ ಬೆರಗಾಗಿ ಹೊರನಡೆದರು.

"ಅತ್ತೀ... ಮುಂಜಾನಿ ನನಗ ಕೇಳಿಸ್ತು. ಎರಡು ಸಲ."

ಹೊನ್ನೂರಮ್ಮ ಮುಖ ಮುಚ್ಚಿಕೊಂಡಳು. ಭುಜ ಅಲುಗಿತು... ಅಳುವೋ, ನಗುವೋ!

"ಮೂರು ಸಲ ಲೇ! ಹೆತ್ತ ಮಗನ ಮುಂದ, ಆ ಡಾಕ್ಟರ್ ಹುಡುಗನ ಮುಂದ ಹೆಂಗ ಹೇಳ್ಲಿ?"

"ರೋಬೋಟ್ ಮುಂದಾದ್ರ ಹೇಳ್ತಿದ್ರೇನ್ರಿ?"

"ಅಯ್ಯಯ್ಯೋ, ನಗಿಸಬ್ಯಾಡ, ಹೊಲಿಗಿ ಎಳೀತಾವು!"

ಸುಮಲತಾ ನರ್ಸಮ್ಮನ ಕಿವಿಯಲ್ಲಿ ಹೇಳಿ ಬಂದಳು. ಡಾಕ್ಟರ್ ಬಂದು ಹೊಟ್ಟೆ ಪರೀಕ್ಷಿಸಿ, ನಗು ತಡೆದುಕೊಂಡು, ಸ್ಕ್ಯಾನ್ ಬೇಡ, ಗಂಜಿನೀರು ಕೊಡಿ ಎಂದರು. ತುಳಸಿಯೇ ಓಡಿಹೋಗಿ ತಂದಳು. ಆದರೆ ಹೊನ್ನೂರಮ್ಮ ಬಾಯಿ ತೆರೆದದ್ದು ಸೊಸೆಯ ಕೈಗೆ. ಎರಡು ಗುಟುಕು ಕುಡಿದು ಆ ಕೈ ಹಿಡಿದು ನಿಲ್ಲಿಸಿದಳು.

"ನೀ ಏನರ ತಿಂದೀ ಏನವ್ವಾ?"

ಸುಮಲತಾ ಇಲ್ಲವೆಂದು ತಲೆಯಾಡಿಸಿದಳು.

"ತುಳಸೀ, ಏನ್ ನೋಡ್ಕೋತ ನಿಂತೀ? ನನ್ನ ಸೊಸಿಗೆ ಬಿಸಿ ಮಂಡಕ್ಕಿ ಒಗ್ಗರಣಿ ತಗಂಬಾ. ಎರಡು ಮಿರ್ಚಿ ಬಜ್ಜಿನೂ ಹಾಕಿಸು. ಜಲ್ದಿ!"