ಕಂದೀಲು ಹಿಡಿದಾಕಿಯ ಮದುವೆ

ಹಸ್ತಪ್ರತಿಯ ಕೊನೆಯ ಹಾಳೆ ಓದಿ ಮುಗಿಸಿದ ಸುಭದ್ರಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು. ಎದುರಿನ ಬೆಂಚಿನ ಮೇಲೆ ಬಸವಂತರಾಯ ಮೆಟ್ರಿಕ್ ರಿಸಲ್ಟ್‌ಗೆ ಕಾದ ಹುಡುಗನ ಹಾಗೆ ಕೂತಿದ್ದ.

“ಹ್ಯಾಂಗ ಆಗ್ಯಾದ್ರಿ, ಅಕ್ಕೋರ?”

“ಚಹಾ ಆರಾಕತ್ತದ. ಮೊದಲ ಅದನ್ನ ಕುಡೀರಿ.”

ಅವನ ಕಿವಿ ಕೆಂಪಾಯಿತು. ಬೇರೆ ದಿನವಾಗಿದ್ದರೆ ಅದನ್ನು ನೋಡಿ ಅವಳಿಗೆ ನಗು ಬರುತ್ತಿತ್ತು.

ಆಳಂದದ ಬಸ್ ಸ್ಟ್ಯಾಂಡಿನ ಬಗಲಿಗಿದ್ದ ಮೆಹರಾಜಬೇಗಂಳ ಚಹಾದಂಗಡಿಯಲ್ಲಿ ಶನಿವಾರಗಳು ಅವರಿಬ್ಬರವು. ಅವಳು ನರೋಣಾದ ಶಾಲೆಯಲ್ಲಿ ಪಾಠ ಮುಗಿಸಿ ಬಸ್ಸಿನ ಧೂಳು ಹೊತ್ತು ಬರುತ್ತಿದ್ದಳು. ಅವನು ತೊಗರಿ ಅಡತಿ ಅಂಗಡಿಯ ಗುಮಾಸ್ತಿಕೆಯಿಂದ ಎದ್ದು ಬರುತ್ತಿದ್ದ. ಅವಳು ಗಂಡ ಸತ್ತವಳು, ಅವನು ಹೆಂಡತಿ ಸತ್ತವನು. ಊರಿಗೆ ಆಡಿಕೊಳ್ಳಲು ಅವಳ ಸುದ್ದಿ ಮಾತ್ರ ಬೇಕಾಗಿತ್ತು.

ಗುಮಾಸ್ತಿಕೆ ಮುಗಿಸಿ ಬಸವಂತರಾಯ ಬರೆಯುತ್ತಿದ್ದುದು ಪತ್ತೇದಾರ ಮಾರ್ತಾಂಡನ ಕಾದಂಬರಿಗಳನ್ನು. ಅವುಗಳಲ್ಲಿ ಮಾರ್ತಾಂಡನ ನೆರೆಮನೆಯ ವಿಧವೆ ಮಲ್ಕಮ್ಮ, ಪ್ರತಿ ಪುಸ್ತಕದಲ್ಲೂ ಅವನಿಗೆ ಕಂದೀಲು ಹಿಡಿಯುವವಳು. ಕೊಲೆಗಾರನ ಹೆಜ್ಜೆ ಅವನಿಗೆ ಕಾಣಿಸಿದ್ದೆಲ್ಲ ಅವಳ ಕೈಯ ಬೆಳಕಿನಲ್ಲಿ. ಆದರೆ ಕಡೆಗೆ ಪೊಲೀಸರು ಅವನ ಕೈ ಕುಲುಕುತ್ತಿದ್ದರು, ಮಲ್ಕಮ್ಮ ಒಲೆ ಹಚ್ಚಲು ಹೋಗುತ್ತಿದ್ದಳು.

“ಇದನ್ನ ಬರದಾಂವಗ ಒಂದಿನಾ ಕಂದೀಲು ಕೊಟ್ಟು ನಿಂದರಸಬೇಕು ನೋಡ್ರಿ. ಕೈ ಎಷ್ಟು ನೋಯ್ತದ ಗೊತ್ತಾಗ್ತದ,” ಎಂದು ಒಮ್ಮೆ ಪುಸ್ತಕದ ಅಂಗಡಿಯಲ್ಲಿ ಸುಭದ್ರಾಬಾಯಿ ಪಕ್ಕದ ಗಿರಾಕಿಗೆ ಹೇಳಿದ್ದಳು.

“ಕೊಡ್ರಿ ಮತ್ತ,” ಎಂದು ಗಿರಾಕಿ ಕೈ ಚಾಚಿದ್ದ. “ಬರದಾಂವ ನಾನೇ.”

ಪ್ರೀತಿ ಶುರುವಾದದ್ದು ಹಾಗೆ.

ಈಗ ಮಲ್ಕಮ್ಮನಿಗೇ ಒಂದು ಪುಸ್ತಕ. ಮಾರ್ತಾಂಡನನ್ನು ಚಳಿಜ್ವರದಲ್ಲಿ ಮಲಗಿಸಿ, ಅವಳೇ ಬಿಸಿಲಲ್ಲಿ ಅಲೆದು, ಪಟೇಲನ ಮನೆಯ ಕೊಲೆಗಾರನ ಕೊರಳಪಟ್ಟಿ ಹಿಡಿಯುತ್ತಾಳೆ. ಸುಭದ್ರಾಬಾಯಿ ಆಸೆಯಿಂದ ಓದಿದ್ದಳು, ಕಡೆಯ ಅಧ್ಯಾಯದವರೆಗೆ.

ಅಲ್ಲಿ ಮಾರ್ತಾಂಡ ಮಲ್ಕಮ್ಮನನ್ನು ಮದುವೆಗೆ ಕೇಳುತ್ತಾನೆ. ಉಡಿಕೆ ಆಗುತ್ತದೆ. ವಿಧವೆಯ ಮರುಮದುವೆಗೆ ಊರು ಇಟ್ಟ ಹೆಸರು ಅದು. ಊರು ಮಲಗಿದ ಮೇಲೆ, ದೀಪ ಸಣ್ಣ ಮಾಡಿ, ಮುತ್ತೈದೆಯರ ಕಣ್ಣಿಗೆ ಬೀಳದಂತೆ ಹೆಣ್ಣನ್ನು ಹಿತ್ತಲ ಬಾಗಿಲಿನಿಂದ ಒಳಗೆ ತರುತ್ತಾರೆ.

“ನಿಮ್ಮ ಅಣ್ಣಾವರೂ ಒಪ್ಪ್ಯಾರ್ರಿ,” ಎಂದ ಬಸವಂತರಾಯ ಮೆಲ್ಲಗೆ. “ನಮ್ಮದೂ ಹಿಂಗೇ... ಸದ್ದಿಲ್ಲದಂಗ ಮುಗಸೋಣು ಅಂದ್ರು.”

ಎಷ್ಟೋ ದಿನದಿಂದ ಕಾದಿದ್ದ ಮಾತು. ಬಂದಾಗ ಅವಳಿಗೆ ಸಂತೋಷವಾಗಲಿಲ್ಲ, ಮೈ ಭಾರವಾಯಿತು.

“ಇಡೀ ಪುಸ್ತಕ ಹಾಡಹಗಲಾಗ ಅಡ್ಡಾಡಿದಾಕಿನ್ನ ಕಡೀಕ ಹಿತ್ತಲ ಬಾಗಲದಾಗ ತೂರಿಸಿದ್ರಲ್ಲ?”

“ಪದ್ಧತಿ ಹಂಗದಲ್ರಿ...”

“ಪುಸ್ತಕದಾಗ ಯಾವ ಪಂಚಾಯ್ತಿ ಕುಂತಿತ್ರಿ? ಪಟೇಲನ ಕೊಲಿ ಬರೀಲಿಕ್ಕೆ ಅಂಜದ ಪೆನ್ನು ಹಗಲಾಗ ಅಕ್ಷತಿ ಹಾಕಲಿಕ್ಕೆ ಅಂಜ್ತದ?” ಅವಳ ದನಿ ಏರಲಿಲ್ಲ. “ಬಾಯಾಗ ಬಸವಣ್ಣ, ಮನ್ಯಾಗ ಕತ್ತಲ. ನಿಮ್ಮದೂ ಎರಡನೇದೇ ಅಲ್ರಿ? ನಿಮ್ಮ ಮಾರಿ ನೋಡಿದ್ರ ಯಾರಿಗೂ ಅಪಶಕುನ ಆಗೂದಿಲ್ಲೇನು?”

ಓದುಗರ ಕೂಟದಲ್ಲಿ ಸಮಾನತೆಯ ಮೇಲೆ ಗಂಟೆಗಟ್ಟಲೆ ಮಾತಾಡಿದವನು ಹಾಳೆಗಳ ಅಂಚು ಸರಿಮಾಡತೊಡಗಿದ.

“ನಾ ದಣದೀನ್ರಿ. ಜಗಳಾಡೂ ತ್ರಾಣಾನೂ ಇಲ್ಲ. ಕತ್ತಲದಾಗೇ ಇರೂದಾದ್ರ ಈಗಿದ್ದ ಮನೀನೇ ಸಾಕು.”

ಅವಳು ಎದ್ದುಹೋದಳು. ಹಿಂದೆ ಮೆಹರಾಜಬೇಗಂ ಗೊಣಗಿದ್ದು ಕೇಳಿಸಿತು: “ಏನ್ ಪತ್ತೇದಾರ ಬರೀತೀರಿ ರಾಯರ, ಹೆಣ್ಣಿನ ದಿಲ್‌ದಾಗ ಏನದ ಅಂತ ಪತ್ತೆ ಹಚ್ಚಲಿಲ್ಲ!”

ಮುಂದಿನ ಶನಿವಾರ ಅವಳು ಅಂಗಡಿಗೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಕ್ಲಾಸಿನಲ್ಲಿ ಮಗ್ಗಿ ಹೇಳಿಸುತ್ತ, ಕಿಟಕಿಯಾಚೆಯ ಬಿಳಿ ಬಿಸಿಲು ನೋಡುತ್ತ, ಹೂಂ ಅಂದುಬಿಡಬೇಕಿತ್ತೇ ಎಂದು ಕೇಳಿಕೊಂಡಳು. ಇನ್ನೊಬ್ಬರ ಕಾಲಸಪ್ಪಳವಿಲ್ಲದ ಮನೆ ಅವಳಿಗೂ ಸಾಕಾಗಿತ್ತು.

ಏಪ್ರಿಲ್‌ನಲ್ಲಿ ಬೆಳಗಿನ ಶಾಲೆ. ನಡುಮಧ್ಯಾಹ್ನ ಗಂಟೆ ಹೊಡೆದಾಗ ಗೇಟಿನ ಎದುರೇ ಕರೀ ಛತ್ರಿ ಹಿಡಿದು ಬಸವಂತರಾಯ ನಿಂತಿದ್ದ. ಮಾಸ್ತರರು ನೋಡುತ್ತಿದ್ದರು, ಕಟ್ಟೆಯ ಮೇಲಿನ ಮುದುಕರೂ ನೋಡುತ್ತಿದ್ದರು.

“ಮಂದಿ ನೋಡಾಕತ್ತಾರ್ರಿ,” ಎಂದಳು.

“ನೋಡ್ಲಿ ಅಂತನೇ ಬಂದೀನಿ.” ಅವನು ಕಿಸೆಯಿಂದ ಮಡಚಿದ ಹಾಳೆ ತೆಗೆದ. “ಪ್ರಕಾಶಕರು ಮಂದಿ ಬೈತಾರ ಅಂದ್ರು. ಬೈಲಿ ಅಂದೆ.”

ಹೊಸ ಕಡೆಯ ಅಧ್ಯಾಯ. ಉರಿಬಿಸಿಲು. ಮುಂಬಾಗಿಲು. ಮಲ್ಕಮ್ಮ ತಲೆಯೆತ್ತಿ ಹೊಸ್ತಿಲು ದಾಟುತ್ತಾಳೆ. ಪಕ್ಕದಲ್ಲಿ ಮಾರ್ತಾಂಡ, ಅವಳಿಗೆ ಛತ್ರಿ ಹಿಡಿದುಕೊಂಡು.

ಅಕ್ಷರಗಳು ಮಂಜಾದವು. ಅವಳು ಕನ್ನಡಕದ ಮೇಲೆ ತಪ್ಪು ಹೊರಿಸಿ ಅದನ್ನು ಒರೆಸಿದಳು.

“ಅಣ್ಣ ಏನಂದ?”

“ಹಗಲಾದ್ರ ನಾ ಬರೂದಿಲ್ಲಂದ್ರು. ತಂಗಿ ಇಲ್ಲ ಅಂತ ತಿಳೀತೀನಿ ಅಂದ್ರು.” ಅವನು ಅದನ್ನು ಮುಚ್ಚಿಡಲಿಲ್ಲ. “ನೀವು ಹೇಳ್ರಿ.”

ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದ ಅಣ್ಣ. ಅವಳು ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು.

“ಈ ಬಿಸಿಲಾಗ ಯಾರ್ ಬರ್ತಾರ್ರಿ ಮದುವಿಗೆ?”

“ಮೆಹರಾಜಬೇಗಂ ಬರ್ತಾಳಂತ. ಚಹಾ ಆಕೀದೇ.”

“ಸಾಕು ಬಿಡ್ರಿ,” ಎಂದಳು. “ನೆರಳಿಗೆ ಒಂದೇ ಛತ್ರಿ ಅದ.”

ಇಬ್ಬರೂ ಬಸ್ಸಿನ ಕಡೆ ನಡೆದರು. ಊರಿನ ಕಣ್ಣೆಲ್ಲ ಬೆನ್ನ ಮೇಲಿತ್ತು. ಛತ್ರಿಯೆಲ್ಲ ಅವಳ ಕಡೆಗೇ ವಾಲಿತ್ತು, ಅವನ ಅರ್ಧ ಹೆಗಲು ಸುಡುತ್ತಿತ್ತು. ಅವಳು ಓರೆಗಣ್ಣಿನಿಂದ ನೋಡಿದಳು.

“ಕೈ ನೋಯಾಕತ್ತದೇನ್ರಿ?”

“ಹೌದ್ರಿ, ನೋಯಾಕತ್ತದ.”

“ನೋಯ್ಲಿ,” ಎಂದವಳು ನಡಿಗೆಯನ್ನು ಇನ್ನಷ್ಟು ನಿಧಾನ ಮಾಡಿದಳು.