ನಾಲ್ಕನೆಯ ಟೈರು

ಕಮಲಾಪುರ ಠಾಣೆಯ ಅಂಗಳದಲ್ಲಿ ನಿಂತಿದ್ದ ಕೆಂಪು ಕಾರನ್ನು ಕಂಡೊಡನೆ ದೌಲಪ್ಪ ಹೆಜ್ಜೆ ನಿಲ್ಲಿಸಿದ. ಇಪ್ಪತ್ತು ವರ್ಷ ಹಳೆಯದಾದರೂ ನಿನ್ನೆಯವರೆಗೂ ಓಟದ ಕುದುರೆಯಂತಿದ್ದ ಕಾರು. ಈಗ ಅದರ ಮೂತಿ ರಸ್ತೆಬದಿಯ ಬೇವಿನ ಮರಕ್ಕೆ ಜಜ್ಜಿ ಚಪ್ಪಟೆಯಾಗಿತ್ತು. ಎಡಗಡೆಯ ಮುಂದಿನ ಟೈರು ಸಿಡಿದು, ಸುಲಿದ ಚರ್ಮದ ಹಾಗೆ ಜೋತುಬಿದ್ದಿತ್ತು. ಓಡಿಸುತ್ತಿದ್ದ ಗೆಳೆಯ ಅರುಣಕುಮಾರ ಕಲಬುರಗಿಯ ಆಸ್ಪತ್ರೆಯಲ್ಲಿದ್ದ. ಅವನ ಬಲಗಾಲು ಉಳಿಯುತ್ತದೋ ಇಲ್ಲವೋ, ಡಾಕ್ಟರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಆ ಕಾರಿಗೆ ಹೊಸ ಟೈರು ಆರಿಸಿಕೊಟ್ಟವನು ದೌಲಪ್ಪನೇ.

"ಟೈರಿನ ಮ್ಯಾಲಿನ ಅಂಕಿ ಓದು," ಎಂದರು ವಿಮಲಾಬಾಯಿ.

ವಿಮಲಾಬಾಯಿ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ನೌಕರಿ ಬಿಟ್ಟರೂ ಬಿಡಿಸಲಾಗದ ಗಂಟುಗಳು ಕುಸನೂರಿನ ಅವರ ಮನೆಯ ಬಾಗಿಲಿಗೇ ಬರುತ್ತಿದ್ದವು. ಮಹಡಿಯ ಮೇಲೆ ಬಾಡಿಗೆಗಿದ್ದ ದೌಲಪ್ಪ ಹಗಲು ಗುಮಾಸ್ತಿಕೆ ಮಾಡುತ್ತ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಅವರ ಎಲ್ಲ ತನಿಖೆಗಳಲ್ಲೂ ಚೀಲ ಹಿಡಿದು ಹಿಂದೆ ನಡೆಯುವವನು.

ಅವನು ಬಗ್ಗಿ ಹರಿದ ರಬ್ಬರಿನ ಮೇಲೆ ಬೆರಳಾಡಿಸಿದ. ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿಗಳು ಸಿಕ್ಕವು. ಓದಿದವನು ಅಲ್ಲೇ ಕುಕ್ಕರಿಸಿದ.

"ಅಕ್ಕಾ, ಇದು ಹನ್ನೊಂದು ವರ್ಷದ ಹಿಂದಿನ ಮಾಲು! ನಾ ಹೊಸದೇ ನೋಡಿ ಕೊಡಿಸೀನ್ರಿ."

"ನಾಲ್ಕೂ ನೋಡೀದ್ಯಾ?"

ಮೂರು ನೋಡಿದ್ದು ದೌಲಪ್ಪನಿಗೆ ಚೆನ್ನಾಗಿ ನೆನಪಿತ್ತು. ನಾಲ್ಕನೆಯದಕ್ಕೆ ಬಗ್ಗುವಾಗ ಫೋನು ಬಂದಿತ್ತು. ಮಾತಾಡಿ ಬಂದು ಮತ್ತೆ ಬಗ್ಗಿದೆನೋ, ಹಾಗೇ ಬಿಟ್ಟೆನೋ? ನಿನ್ನೆಯಿಂದ ಇದನ್ನೇ ಕೇಳಿಕೊಳ್ಳುತ್ತ ಅವನು ಊಟ ಬಿಟ್ಟಿದ್ದ.

ಆರಿಸುವಾಗ ಅವನು ಕಡಿಮೆ ತಲೆ ಕೆಡಿಸಿಕೊಂಡಿರಲಿಲ್ಲ. ಹಳೆಯ ಟೈರುಗಳ ಹಲ್ಲು ಸವೆದಿರಲಿಲ್ಲ, ಆದರೆ ರಬ್ಬರು ಒಣಗಿ ಗಟ್ಟಿಯಾಗಿತ್ತು. ಕಾರು ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಅರುಣನಿಗೆ ಅಗಲವಾದ, ನೋಡಲು ಝಗಮಗಿಸುವ ಟೈರು ಬೇಕಿತ್ತು. "ಅಗಲ ಹಾಕಿದ್ರ ತಿರುವಿನ್ಯಾಗ ಒಳಗಿನ ಮಡ್‌ಗಾರ್ಡಿಗೆ ಉಜ್ಜತಾವ. ಮೆತ್ತನ್ನ ರಬ್ಬರು ನಮ್ಮ ಬ್ಯಾಸಗಿಗಿ ಬಾಳಂಗಿಲ್ಲ," ಎಂದು ದೌಲಪ್ಪ ಹಟ ಹಿಡಿದು ಕಂಪನಿ, ಅಳತೆ, ಹಲ್ಲಿನ ನಮೂನೆ ಎಲ್ಲ ಮೊದಲಿನದೇ ಇರುವ ಹಾಗೆ ಕೊಡಿಸಿದ್ದ. "ನೀ ಟೈರ್ ತಗೋತಿಯೋ, ಹೆಣ್ಣು ನೋಡ್ತಿಯೋ?" ಎಂದು ಅರುಣ ನಕ್ಕಿದ್ದ.

ವಿಮಲಾಬಾಯಿ ಕಾರನ್ನು ಒಂದು ಸುತ್ತು ಹಾಕಿ ಬಂದರು.

"ಮೂರು ಟೈರಿಗಿ ಬರೇ ವಿಭೂತಿ ಎಳದದ. ಹರಿದದ್ದಕ್ಕ ವಿಭೂತಿ ನಡುವ ಕುಂಕುಮದ ಬೊಟ್ಟೂ ಅದ. ಪೂಜಿ ಮಾಡ್ದವರು ಯಾರು?"

"ಅರುಣನೇ ರಿ, ಟೈರು ಮಾರಿದ ಅಬ್ರಾರನ ಅಂಗಡಿ ಮುಂದ. ವಿಭೂತಿ ತೇದು ಮೂರು ಬೆರಳಿಲೆ ಎಳದಾ."

"ಕುಂಕುಮ?"

"ನೋಡಿದ ನೆನಪಿಲ್ರಿ." ತನ್ನ ನೆನಪಿನ ಮೇಲೆ ಅವನಿಗೇ ಈಗ ನಂಬಿಕೆ ಇರಲಿಲ್ಲ.

ಮಧ್ಯಾಹ್ನ ಇಬ್ಬರೂ ಕಲಬುರಗಿಗೆ ಬಂದು ಅರುಣನ ಮನೆಗೆ ಹೋದರು. ಅವನ ಹೆಂಡತಿ ಅಂಬಿಕಾ ದೌಲಪ್ಪನನ್ನು ಕಂಡವಳೇ ಸಿಡಿದಳು.

"ಯಾವ ಮಾರಿ ಹೊತ್ತು ಬಂದೀರಿ ಅಣ್ಣಾರೇ? ನಿಮ್ಮ ಮಾತು ಕೇಳೇ ಅವರು ಆ ಟೈರು ತಗೊಂಡ್ರು!"

ಅರುಣನ ತಮ್ಮ ಸುನೀಲಕುಮಾರ ನಡುವೆ ಬಂದ. "ಅಬ್ರಾರ್ ಮೋಸ ಮಾಡ್ಯಾನ ವೈನಿ. ಪೊಲೀಸರು ಅವನ್ನ ನಾಳೆ ಕರಸ್ಯಾರ."

"ನೀವು ಈ ನಡುವ ಕಾರು ತಗದೀರೇನು?" ವಿಮಲಾಬಾಯಿ ಥಟ್ಟನೆ ಕೇಳಿದರು.

"ನಾನಾ? ಅಣ್ಣ ಬೀದರಕ್ಕ ಬಸ್ಸಿಗಿ ಹೋದಾಗೂ ನನಗ ಮುಟ್ಟಗೊಡಲಿಲ್ಲ. ನನ್ನ ಮಾತು ಬಿಡ್ರಿ, ವೈನಿ ಡ್ರೈವಿಂಗ್ ಶಾಲಿಗಿ ಹೋಗಿ ಲೈಸೆನ್ಸ್ ತಗೊಂಡಾರ, ಅವರಿಗೂ ಕೊಟ್ಟಿಲ್ಲ. ಚಾವಿ ಗ್ವಾಡಿಗಿ ತೂಗತದ, ದೇವರ ಫೋಟೋ ಇದ್ದಂಗ. ಕೈ ಮುಗದು ಮುಂದಕ್ಕ ಹೋಗೋದು!"

ಅಂಬಿಕಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಂಗಡಿಯಲ್ಲಿ ಅಬ್ರಾರನ ಮುಖ ಬಿಳಿಚಿತ್ತು. "ಖುದಾ ಕಸಮ್ ಬಾಯಿ, ನಾಲ್ಕೂ ಹೊಸಾ ಟೈರೇ ಕೊಟ್ಟೀನಿ. ಈ ದೌಲಪ್ಪ ಸಾಹೇಬ್ರು ಅಂಗಡಿ ತುಂಬ ಬಗ್ಗಿ ಬಗ್ಗಿ ನೋಡ್ಯಾರ. ನಮಾಜು ಮಾಡೋ ನಾನೂ ಅಷ್ಟು ಬಗ್ಗಂಗಿಲ್ಲ!"

"ಬಿಚ್ಚಿದ ಹಳೇವು ಎಲ್ಲಿ ಹೋದವು?"

"ಅಂಬಿಕಾ ಅಕ್ಕಾರ ತಮ್ಮ ಮಾಳಿಂಗ ಒಯ್ದಾನ. ಕಮಲಾಪುರದಾಗ ಅವರ ಹೊಲ ಅದಲ್ಲ, ಮೇವಿನ ಬಣವಿ ತಾಡಪತ್ರಿ ಗಾಳಿಗಿ ಹಾರಬಾರದಂತ ಮ್ಯಾಲ ಇಡಲಾಕ."

ಮರುದಿನ ಬೆಳಿಗ್ಗೆ ವಿಮಲಾಬಾಯಿ ಒಬ್ಬರೇ ಕಮಲಾಪುರದ ಬಸ್ಸು ಹತ್ತಿದರು. ಮಧ್ಯಾಹ್ನ ದೌಲಪ್ಪನಿಗೆ ಫೋನು ಮಾಡಿ ಎಲ್ಲರನ್ನೂ ಅರುಣನ ಮನೆಯಲ್ಲಿ ಸೇರಿಸಲು ಹೇಳಿದರು.

ಸಂಜೆ ಪಡಸಾಲೆಯಲ್ಲಿ ಅಂಬಿಕಾ, ಸುನೀಲಕುಮಾರ, ಅಬ್ರಾರ್ ಕೂತಿದ್ದರು. ದೌಲಪ್ಪ ಕೂಡದೆ ಕಂಬಕ್ಕೊರಗಿ ನಿಂತಿದ್ದ. ಮನೆ ಮುಂದೆ ಟಂಟಂ ಆಟೋ ನಿಂತಿತು. ವಿಮಲಾಬಾಯಿ ಇಳಿದರು. ಅವರ ಹಿಂದೆ ತಲೆ ತಗ್ಗಿಸಿ ಇಳಿದವನು ಮಾಳಿಂಗ. ಅವನು ಗೋಣಿತಟ್ಟು ಸುತ್ತಿದ ಒಂದು ಭಾರದ ವಸ್ತುವನ್ನು ತಂದು ಪಡಸಾಲೆಯ ನಡುವೆ ಇಟ್ಟ.

"ಸಿಡಿದ ಟೈರು ಅಬ್ರಾರ್ ಮಾರಿದ್ದಲ್ಲ," ವಿಮಲಾಬಾಯಿ ಶುರುಮಾಡಿದರು. "ಅದು ಇದೇ ಕಾರಿನ ಹಳೇ ಟೈರು. ಕಂಪನಿ ಅದೇ, ಅಳತಿ ಅದೇ, ನಮೂನಿ ಅದೇ. ದೌಲಪ್ಪ ಹಟ ಹಿಡದು ಕೊಡಿಸಿದ್ದೇ ಹಂಗ. ಹಿಂಗಾಗಿ ಹಳೇದಕ್ಕ ಕರೀ ಪಾಲಿಶ್ ಹಚ್ಚಿ ಕೂಡಿಸಿದ್ರ ಯಾರ ಕಣ್ಣಿಗೂ ಬೀಳಲಿಲ್ಲ."

ಕಂಬಕ್ಕೊರಗಿದ್ದ ದೌಲಪ್ಪ ನೆಟ್ಟಗಾದ.

"ಹಳೇವು ಇದ್ದದ್ದು ಕಮಲಾಪುರದ ಬಣವಿ ಮ್ಯಾಲ. ಇವತ್ತ ಹೋಗಿ ನೋಡಿದೆ. ನಾಲ್ಕೇ ಅದಾವ. ಆದ್ರ ಮೂರು ಬಿಸಲಿಗಿ ಬೂದಿಬಣ್ಣ ಆಗ್ಯಾವ, ಒಂದು ಕರ್ರಗದ." ಅವರು ಗೋಣಿತಟ್ಟು ಸರಿಸಿದರು. ಟೈರಿನ ಬದಿಗೆ ಅಂಗೈಯಗಲ ಸೀಳು. ಹೊಸ ರಬ್ಬರಿನ ಸಣ್ಣ ಸಣ್ಣ ಕೂದಲು ಇನ್ನೂ ನಿಂತಿದ್ದವು. ಪಕ್ಕದಲ್ಲಿ ಮೂರು ಬೆರಳ ವಿಭೂತಿ. "ಇದಕ್ಕ ಕುಂಕುಮಿಲ್ಲ. ಅರುಣ ಹಚ್ಚಿದ್ದು ಬರೇ ವಿಭೂತಿ. ಟೈರು ಬದಲಿ ಮಾಡ್ದವರು ಹಳೇದಕ್ಕೂ ವಿಭೂತಿ ಎಳದ್ರು, ಬಾಕಿ ಮೂರರಂಗ ಕಾಣಲಿ ಅಂತ. ಆದ್ರ ದಿನಾ ಮುಂಜಾನಿ ಹೊಸ್ತಿಲಕ್ಕ ವಿಭೂತಿ ಎಳದು ಕುಂಕುಮ ಇಡೋ ಕೈ ಅದು. ವಿಭೂತಿಗೇ ನಿಲ್ಲಲಿಲ್ಲ."

ಎಲ್ಲರ ಕಣ್ಣೂ ಮನೆಯ ಹೊಸ್ತಿಲಿನ ಕಡೆ ಹೋದವು. ಮೂರು ಗೆರೆ, ನಡುವೆ ಕೆಂಪು ಬೊಟ್ಟು.

"ವೈನೀ!" ಸುನೀಲಕುಮಾರ ದಿಗ್ಗನೆ ಎದ್ದ.

ದೌಲಪ್ಪ ಅಂಬಿಕಾಳ ಕಡೆ ತಿರುಗಿದ. ತನ್ನನ್ನು ಬೈದ ಆ ದನಿ, ಒರೆಸಿದ ಆ ಕಣ್ಣು! ಸುಳ್ಳುಗಾತಿ ಅನ್ನಲೂ ಅವನಿಗೆ ಮನಸ್ಸಾಗಲಿಲ್ಲ. ಆ ಕಣ್ಣೀರು ಸುಳ್ಳಾಗಿರಲಿಲ್ಲ.

"ಅಕ್ಕಂದೊಂದೇ ತಪ್ಪಲ್ರಿ," ಮಾಳಿಂಗ ತೊದಲಿದ. "ಪಂಕ್ಚರ್ ಅಂಗಡಿಗಿ ಒಯ್ದು ಹಾಕಿಸ್ದವ ನಾನೇ. ಹಲ್ಲು ಚಂದ ಅದಾವ, ನಡೀತದ ಅಂದವ ನಾನೇ."

ಅಂಬಿಕಾ ಯಾರ ಮುಖವನ್ನೂ ನೋಡದೆ ಹೇಳಿದಳು.

"ಅವರು ಬೀದರಕ್ಕ ಹೋದಾಗ ತಗದೆ. ಒಮ್ಮೆರೆ ತವರಿಗಿ ನಾನೇ ಓಡಿಸ್ಕೊಂಡು ಹೋಗಬೇಕಂತ ಆಸೆ ಇತ್ತು. ಹೊಲದ ದಾರಿಗಿ ತಿರುಗಿಸುವಾಗ ಮೋರಿ ಕಲ್ಲು ತಾಗಿ ಸೀಳ್ತು. ಅವರಿಗಿ ಗೊತ್ತಾಗದಂಗ ಹೊಸದು ತರಿಸಿ ಹಾಕಿಸೋಣ ಅಂದಿದ್ದೆ. ಅಷ್ಟರಾಗ ಅವರು ಚಾವಿ ತಗೊಂಡು ಹೊಂಟರು." ಹೊಸ್ತಿಲಿನತ್ತ ನೋಡಿದಳು. "ಬಾಗಲದಾಗ ನಿಂತಿದ್ದೆ. ಹೇಳಲಾಕ ಬಾಯಿ ತಗದೆ. 'ಸಾವಕಾಶ ಹೋಗ್ರಿ' ಅಂದೆ. ಅಷ್ಟೇ ಅಂದೆ."

ಅಬ್ರಾರ್ ತನ್ನ ಬಿಡುಗಡೆಗೆ ನಗಲಾರದೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಠಾಣೆಗೆ ನಾನೇ ಹೇಳ್ತೀನಿ," ಎಂದರು ವಿಮಲಾಬಾಯಿ. "ಅರುಣಗ ಹೇಳೋರು ನೀನೇ, ತಂಗಿ."

ದೌಲಪ್ಪ ಮೊಣಕಾಲೂರಿ ಸೀಳಿದ ಟೈರನ್ನು ಹೊರಳಿಸಿದ. ನಾಲ್ಕು ಅಂಕಿ ಸಿಕ್ಕವು. ಈ ವರ್ಷದ್ದೇ. ಮತ್ತೊಮ್ಮೆ ಓದಿದ. ಎದೆಯ ಮೇಲಿನ ಬಂಡೆ ಇಳಿಯಿತು. ಆದರೆ ಈ ಹೊತ್ತಿನಲ್ಲಿ ಹಗುರಾದದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ಅಂಬಿಕಾ ಚಪ್ಪಲಿ ಮೆಟ್ಟಿ ಒಬ್ಬಳೇ ಹೊರಟಳು. ಸುನೀಲಕುಮಾರ ಮುಖ ತಿರುಗಿಸಿ ನಿಂತ.

"ದವಾಖಾನಿ ತನಕ ನಾ ಬರ್ತೀನಿ ವೈನಿ," ಎಂದ ದೌಲಪ್ಪ.

"ನಿಮಗ ಅಷ್ಟು ಅಂದೀನಿ..."

ದೌಲಪ್ಪ ಬೀದಿಗೆ ಬಂದು ಆಟೋ ನಿಲ್ಲಿಸಿದ. ಅವಳು ಹತ್ತುವ ಮುನ್ನ "ಒಂದು ನಿಮಿಷ ನಿಂದ್ರಿ" ಎಂದು ಮುಂದಿನ ಗಾಲಿಗೆ ಬಗ್ಗಿದ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನು ತೆಗೆಯಲಿಲ್ಲ. ಎರಡನೆಯದನ್ನು ನೋಡಿದ, ಮೂರನೆಯದನ್ನೂ ನೋಡಿದ. ಆಮೇಲೆ ಅವಳಿಗೆ ಹತ್ತಲು ಹೇಳಿದ.